ಬೇವಾರಸು ಯಾವುದು?

ಮಕ್ಕಳು ದುಡ್ಡು ಕೊಟ್ಟು ತಂದದ್ದು ನಮಗೆ ಅರ್ಥವಾಗದಿದ್ದರೆ ಅದನ್ನು ‘ಹಾಳು’ ಎನ್ನುವುದು ತಾಯಂದಿರಾದ ನಮ್ಮ ಹಳೆಯ ಚಾಳಿ. ಈಗ ಆ ಸರದಿ ಗ್ರಾಮಫೋನ್ ತಟ್ಟೆಯದು. ಕುಮಟೆಯ ಮದುವೆಮನೆ ಇರಲಿ, ಹೊನ್ನಾವರದ ಬಸ್ ಸ್ಟ್ಯಾಂಡ್ ಇರಲಿ, ದೂರು ಒಂದೇ: “ಅಕ್ಕೋರೇ, ಬೆಂಗಳೂರಲ್ಲಿರೋ ಮಗ ಮೂರು ಸಾವಿರ ಕೊಟ್ಟು ಕಪ್ಪು ತಟ್ಟೆ ತಂದಿದ್ದಾನೆ. ಹಾಕಿದರೆ ಸೂತಕದ ಮನೆ ಹಾಗೆ ಕೇಳ್ತದೆ!”

ಆ ಸಂಗೀತಕ್ಕೆ ಡೂಮ್ ಮೆಟಲ್ ಎಂದು ಹೆಸರು. ನಿಧಾನ, ಭಾರ, ವಿಷಾದ ಅದರ ಲಕ್ಷಣ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಊರಿನ ಬ್ಲ್ಯಾಕ್ ಸಬ್ಬತ್ ತಂಡ 1970ರಲ್ಲಿ ತಂದ ಮೊದಲ ತಟ್ಟೆಯಲ್ಲಿ ಅದರ ಬೇರಿದೆ. ಗಿಟಾರ್ ನುಡಿಸುತ್ತಿದ್ದ ಟೋನಿ ಅಯೋಮಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳುಗಳ ತುದಿ ಕಳೆದುಕೊಂಡವರು. ಬೆರಳಿಗೆ ಪ್ಲಾಸ್ಟಿಕ್ ಟೋಪಿ ತೊಡಿಸಿಕೊಂಡು ನುಡಿಸಿದರು. ಮುಂದೆ ತಂತಿಗಳನ್ನೂ ಸಡಿಲಿಸಿದರು. ಆ ತಗ್ಗಿದ ದನಿಯೇ ಒಂದು ಪಂಥವಾಯಿತು. ನಮ್ಮ ಬೆಂಗಳೂರಿನಲ್ಲೂ ಈ ದಾರಿಯ ತಂಡವೊಂದಿದೆ. 2012ರಲ್ಲಿ ಮೊದಲ ಆಲ್ಬಂ ತಂದ ಅದರ ಹೆಸರು ‘ಬೇವಾರ್ ಸೀ’. ನಮ್ಮದೇ ಬೈಗುಳಕ್ಕೆ ಇಂಗ್ಲಿಷ್ ಅಂಗಿ ತೊಡಿಸಿದ್ದಾರೆ!

ಇದನ್ನು ಕೇಳಿದರೆ ಮಕ್ಕಳ ಮನಸ್ಸು ಕೆಡುತ್ತದೆಂಬುದು ಮೊದಲ ಆಕ್ಷೇಪ. ಹಾಗಾದರೆ ನಮ್ಮದು ಏಕೆ ಕೆಡಲಿಲ್ಲ? ನಡುರಾತ್ರಿ ಚಂಡೆಯ ಅಬ್ಬರದ ನಡುವೆ ಕೀಚಕ ಕುಣಿದದ್ದನ್ನು, ಕರ್ಣ ಬಿದ್ದದ್ದನ್ನು, ದುರ್ಯೋಧನ ತೊಡೆ ಮುರಿದುಕೊಂಡದ್ದನ್ನು ತಾಯಿಯ ಮಡಿಲಲ್ಲಿ ಕೂತು ನೋಡಿದವರು ನಾವು. ಭಯಾನಕವೂ ಕರುಣವೂ ನವರಸಗಳಲ್ಲೇ ಸೇರಿವೆ. ಶೋಕಕ್ಕೆ ಒಂದು ರಾಗ ಸಿಕ್ಕರೆ ಮನುಷ್ಯ ಕೆಡುವುದಿಲ್ಲ, ಹಗುರಾಗುತ್ತಾನೆ.

ಎರಡನೆಯದು ದುಡ್ಡಿನದು. ಫೋನಿನಲ್ಲಿ ಪುಕ್ಕಟೆ ಸಿಗುವಾಗ ತಟ್ಟೆ ಯಾಕೆ? ಬೆಲೆ ಹೆಚ್ಚೇ, ಅದರಲ್ಲಿ ಷೋಕಿಯೂ ಉಂಟು, ಒಪ್ಪೋಣ. ಆದರೆ ವರ್ಷಕ್ಕೊಮ್ಮೆ ಉಡುವ ಜರತಾರಿ ಸೀರೆಗೆ ನಾವು ಇಂಥ ಲೆಕ್ಕ ಕೇಳಿದ್ದೇವೆಯೇ? ಅರಗಿನಿಂದ ಮಾಡಿದ ಹಳೆಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಿ ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು. 1948ರಲ್ಲಿ ಬಂದ ವಿನೈಲ್ ತಟ್ಟೆ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಹಾಡಿತು. ಇಂದು ಆ ಹುಡುಗ ಮುಳ್ಳನ್ನು ಮೆಲ್ಲನೆ ಇಳಿಸಿ, ಇಪ್ಪತ್ತು ನಿಮಿಷ ಅಲುಗಾಡದೆ ಕೂತು ಕೇಳಿ, ಎದ್ದು ಮಗ್ಗುಲು ಬದಲಿಸಿ, ಧೂಳು ಒರೆಸಿ ಎತ್ತಿಡುತ್ತಾನೆ. ನಾವೋ, ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಫೋನಿನಲ್ಲಿ ಅರ್ಧ ನಿಮಿಷ ನೋಡಿ ಬೆರಳಾಡಿಸುತ್ತೇವೆ. ಸಂಗೀತಕ್ಕೆ ಮರ್ಯಾದೆ ಕೊಟ್ಟವರು ಯಾರು?

ಹಾಡನ್ನು ಕಾಪಿಡುವ ಮಾತೆತ್ತಿದರೆ ನಾವು ತಲೆ ತಗ್ಗಿಸಬೇಕು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲ್ಲೂಕು ನಮ್ಮದು. ಯಕ್ಷಗಾನದ ಕ್ಯಾಸೆಟ್ಟುಗಳು ಒಂದು ಕಾಲಕ್ಕೆ ಮನೆಮನೆಯಲ್ಲಿದ್ದವು. ಎಷ್ಟು ಅಟ್ಟಗಳಲ್ಲಿ ಅವು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ಹೋಗಿಲ್ಲ! ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಅವರ ದನಿಯನ್ನು ದಾಖಲಿಸಿದವರಿದ್ದಾರೆ, ಪುಣ್ಯ. ಪ್ರಶಸ್ತಿ ಬಾರದ ಅಜ್ಜಿಯರ ಗತಿಯೇನು? ನಾಟಿಯ ಹಾಡು, ಆರತಿಯ ಹಾಡು, ಬೀಗರ ಹಾಡು, ಭಟ್ಕಳದ ನವಾಯತಿ ಜೋಗುಳ – ಇವನ್ನು ಹಾಡಿದವರು ಹೆಂಗಸರು. ಕೂಲಿ ಇಲ್ಲ, ಹೆಸರಿಲ್ಲ, ತಟ್ಟೆಯೂ ಇಲ್ಲ. ಅದಕ್ಕೇ ಅಜ್ಜಿ ಹೋದಳು, ಹಾಡೂ ಹೋಯಿತು.

ಬೇವಾರ್ಸಿ ಎಂಬ ಬೈಗುಳದ ಮೂಲ ಅರ್ಥ ವಾರಸುದಾರರಿಲ್ಲದ್ದು ಎಂದು. ಸಮುದ್ರದಾಚೆಯ ಕಾರ್ಮಿಕರ ದುಃಖಕ್ಕೆ ನಮ್ಮ ಮಗನಂಥವರು ವಾರಸುದಾರರಾಗಿ ನಿಂತಿದ್ದಾರೆ. ನಮ್ಮ ಅತ್ತೆಯ ಹಾಡಿಗೆ ಯಾರಿದ್ದಾರೆ? ಮಗನನ್ನು ಬೈಯುವುದು ಸಾಕು. ಈ ರಜೆಗೆ ಅವನು ಬಂದಾಗ ಅವನ ಕೈಗೇ ಯಂತ್ರ ಕೊಟ್ಟು ಅತ್ತೆಯ ಎದುರು ಕೂರಿಸಿ. ಹಾಡಿದವರ ಹೆಸರು, ಊರು, ತಾರೀಖು ಬರೆದಿಡಿ. ಒಂದು ಪ್ರತಿ ಶಾಲೆಗೂ ಕೊಡಿ. ಇದಕ್ಕೆ ಮೂರು ಸಾವಿರ ಬೇಡ, ಮೂರು ಮಧ್ಯಾಹ್ನ ಸಾಕು.