ಮೆಟ್ರೊ ಬರುವ ಮೊದಲೇ ಮನೆ ಕೊಳ್ಳಬೇಕೆ?

ಬೆಂಗಳೂರಿನೊಳಗೆ ಸಂಬಳದಾರರ ಕೈಗೆ ಮನೆ ಎಟುಕುತ್ತಿಲ್ಲ. ಎಟುಕುವ ಕಡೆ ಕಾವೇರಿ ನೀರಿಲ್ಲ, ಬಸ್ಸು ಅಪರೂಪ. ‘ಇನ್ನೆರಡು ವರ್ಷದಲ್ಲಿ ಮೆಟ್ರೊ’ ಎಂಬ ಫಲಕ ಮಾತ್ರ ಇದ್ದೇ ಇರುತ್ತದೆ. ಅದನ್ನು ನಂಬಿ ಹೊರವಲಯದ ಬಡಾವಣೆಯಲ್ಲಿ ಮನೆ ಕೊಳ್ಳಬಹುದೇ? ಕೊಂಡು ಅನುಭವಿಸಿದ ಇಬ್ಬರ ಮಾತು ಇಲ್ಲಿದೆ.

ಪರ: ರೈಲು ಬಂದ ಮೇಲೆ ಬೆಲೆ ನಮ್ಮದಲ್ಲ

2016ರಲ್ಲಿ ಕೆಂಗೇರಿಯಾಚೆ ಮೂವತ್ತು–ನಲವತ್ತರ ಸೈಟು ಕೊಂಡಾಗ ಅಪ್ಪ ಕೇಳಿದ್ದು ಒಂದೇ ಮಾತು: “ರಾತ್ರಿ ಹೊತ್ತು ಮಗೂಗೆ ಜ್ವರ ಬಂದ್ರೆ ಏನ್ ಮಾಡ್ತೀಯೋ?” ನನ್ನಲ್ಲಿ ಉತ್ತರ ಇರಲಿಲ್ಲ. ಮೈಸೂರು ರಸ್ತೆಯ ಬಸ್ ಸ್ಟಾಪಿಗೆ ಒಂದೂವರೆ ಕಿಲೋಮೀಟರ್ ನಡಿಗೆ. ಬೀದಿದೀಪ ಮೂರನೇ ತಿರುವಿಗೇ ಮುಗಿಯುತ್ತಿತ್ತು. ಆದರೂ ಕೊಂಡೆ. ಅಷ್ಟು ದುಡ್ಡಿಗೆ ವಿಜಯನಗರದಲ್ಲಿ ಒಂದು ಕೋಣೆಯ ಫ್ಲ್ಯಾಟೂ ಸಿಗುತ್ತಿರಲಿಲ್ಲ.

ಕೆಂಗೇರಿಗೆ ಮೆಟ್ರೊ ಬಂದದ್ದು 2021ರ ಆಗಸ್ಟ್‌ನಲ್ಲಿ, ಚಲ್ಲಘಟ್ಟಕ್ಕೆ 2023ರ ಅಕ್ಟೋಬರ್‌ನಲ್ಲಿ. ಈಗ ಅಲ್ಲಿ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಸುಮಾರು 43 ಕಿಲೋಮೀಟರ್ ರೈಲು ಬದಲಿಸದೆ ಹೋಗಬಹುದು. ನನ್ನ ಕಚೇರಿ ಇಂದಿರಾನಗರದಲ್ಲಿ. ಹತ್ತುವುದು ಮೊದಲ ನಿಲ್ದಾಣದಲ್ಲಾದ್ದರಿಂದ ಸೀಟು ಸಿಗುತ್ತದೆ, ಪೇಪರ್ ಓದಿ ಮುಗಿಯುತ್ತದೆ. ಇವತ್ತು ನಮ್ಮದೇ ಸಾಲಿನ ಖಾಲಿ ಸೈಟಿನ ಬೆಲೆ ಕೇಳಿದರೆ ನಾನೇ ಕೊಳ್ಳಲಾರೆ. ಸೌಕರ್ಯವೆಲ್ಲ ಬರಲಿ ಎಂದು ಕಾದವರು ಆ ಸೌಕರ್ಯದ ಬೆಲೆಯನ್ನೂ ಸೇರಿಸಿ ಕೊಡಬೇಕು.

ಈ ಊರು ಬೆಳೆದದ್ದೇ ಹೀಗೆ. 1898ರ ಪ್ಲೇಗಿನ ಭಯದಲ್ಲಿ ಪೇಟೆ ಬಿಟ್ಟವರಿಂದ ಬಸವನಗುಡಿ, ಮಲ್ಲೇಶ್ವರ ತುಂಬಿಕೊಂಡವು. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ ಆದಾಗ ಅದೂ ಊರಾಚೆಯೇ. ಮೊದಲು ಹೋದವರು ಕತ್ತಲನ್ನೂ ಕೆಸರನ್ನೂ ಸಹಿಸಿದರು. ಜಾಗವನ್ನು ಕೈಗೆಟುಕುವ ಬೆಲೆಗೆ ಪಡೆದವರೂ ಅವರೇ.

ಹಾಗೆಂದು ಕಣ್ಣುಮುಚ್ಚಿ ಹಾರಿ ಎನ್ನುತ್ತಿಲ್ಲ. ಬಜೆಟ್ಟಿನ ಘೋಷಣೆ ಕೇಳಿ ನಾನು ಮುಂಗಡ ಕೊಟ್ಟವನಲ್ಲ, ಮೈಸೂರು ರಸ್ತೆಯಲ್ಲಿ ಮೆಟ್ರೊ ಕೆಲಸ ನಡೆಯುವುದನ್ನು ಕಂಡ ಮೇಲೆ ಕೊಟ್ಟೆ. ಭೂಪರಿವರ್ತನೆ ಆದೇಶ, ಮೂಲ ಕ್ರಯಪತ್ರ, 30 ವರ್ಷದ ಇಸಿ, ಮೂರನ್ನೂ ವಕೀಲರಿಗೆ ತೋರಿಸಿದೆ. ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ ಎಲ್ಲಿ ಹಾದಿದೆ ಎಂದು ಬೆರಳಿಟ್ಟು ನೋಡಿದೆ. ಜೋರು ಮಳೆ ಬಂದ ಮರುದಿನ ಹೋಗಿ, ಮೂಲೆಯ ಟೀ ಅಂಗಡಿಯವರನ್ನು “ಅಣ್ಣಾ, ನೀರು ಎಲ್ಲಿವರೆಗೆ ಬಂದಿತ್ತು?” ಎಂದು ಕೇಳಿದೆ. ಅವರು ಬೆಂಚಿನ ಕಾಲು ತೋರಿಸಿದರು. ನನ್ನ ಸೈಟು ಅಲ್ಲಿಂದ ಎರಡಾಳು ಎತ್ತರದಲ್ಲಿತ್ತು. ಜಾಗ ಸರಿಯಿದ್ದು ಕಾಗದ ಗಟ್ಟಿಯಿದ್ದರೆ, ಉಳಿದದ್ದಕ್ಕೆ ಕಾಯಬಹುದು.

ವಿರೋಧ: ಕಂತಿಗೆ ತಾರೀಖುಂಟು, ಸೌಕರ್ಯಕ್ಕಿಲ್ಲ

ಕೆಲಸ ಕಂಡ ಮೇಲೆ ಕೊಂಡೆ ಎನ್ನುತ್ತಾರೆ ಮೇಲಿನವರು. ನಾನೂ ಹಾಗೇ ಕೊಂಡವಳು. 2017ರಲ್ಲಿ ಬೊಮ್ಮಸಂದ್ರದ ಹತ್ತಿರ ಫ್ಲ್ಯಾಟ್ ಬುಕ್ ಮಾಡಿದಾಗ ಮಗಳು ಒಂದನೇ ಕ್ಲಾಸು. ಹಳದಿ ಮಾರ್ಗಕ್ಕೆ ಕಂಬಗಳು ಎದ್ದವು, ಮೇಲೆ ಹಳಿಯೂ ಬಿತ್ತು. ಆಮೇಲೆ ಬೋಗಿಗಳೇ ಬರಲಿಲ್ಲ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಈ 19 ಕಿಲೋಮೀಟರಿನಲ್ಲಿ ಜನ ಓಡಾಡತೊಡಗಿದ್ದು 2025ರ ಆಗಸ್ಟ್ 11ರಂದು. ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಅಷ್ಟರಲ್ಲಿ ಮಗಳು ಒಂಬತ್ತನೇ ಕ್ಲಾಸಿಗೆ ಬಂದಿದ್ದಳು.

ಬ್ಯಾಂಕು ಹೀಗೆ ಕಾಯುವುದಿಲ್ಲ. 50 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದರೆ ತಿಂಗಳ ಕಂತು 43,400 ರೂಪಾಯಿಯ ಆಸುಪಾಸು. ತೀರುವ ಹೊತ್ತಿಗೆ ಕಟ್ಟಿದ್ದು ಒಂದು ಕೋಟಿ ದಾಟಿರುತ್ತದೆ. ಇದರ ಮೇಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಲೆಕ್ಕ ಬೇರೆ. ಹೋಗಿಬರಲು ದಿನಕ್ಕೆ ಮೂರು ಗಂಟೆ, ತಿಂಗಳಿಗೆ 22 ದಿನ ಎಂದರೆ 66 ಗಂಟೆ. ವರ್ಷದಲ್ಲಿ 33 ಹಗಲು–ರಾತ್ರಿಯನ್ನು ಬಸ್ಸಿನಲ್ಲಿ ಕಳೆದಂತಾಯಿತು. ‘ಅಗ್ಗಕ್ಕೆ ಸಿಕ್ಕಿತು’ ಎನ್ನುವವರು ಈ ಬಾಬ್ತನ್ನು ಎಲ್ಲಿ ಬರೆದುಕೊಳ್ಳುತ್ತಾರೆ?

ಇನ್ನು ನೀರು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ, ಹದಿನೇಳು ವರ್ಷದ ಮೇಲೆ. ನಮ್ಮ ಕಟ್ಟಡ ಆನೇಕಲ್ ತಾಲ್ಲೂಕಿನ ಪಂಚಾಯಿತಿಯದು, ಆ ಪಟ್ಟಿಯಲ್ಲೂ ಇಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ಎರಡು ಕೊಳವೆಬಾವಿಗಳೂ ಬತ್ತಿದವು. ಆಗ ನಾನು ನಿವಾಸಿಗಳ ಸಂಘದ ಕಾರ್ಯದರ್ಶಿ. ಬೆಳಗಿನ ಐದಕ್ಕೆ ವಾಚ್‌ಮನ್ ಸಂಪಿನ ಮುಚ್ಚಳ ಸರಿಸಿ ಬಿದಿರ ಕೋಲು ಇಳಿಸುವರು. ಒದ್ದೆಯಾದಷ್ಟನ್ನು ಗೇಣಿನಲ್ಲಿ ಅಳೆದು “ಎರಡು ಗೇಣು, ಮೇಡಂ” ಎನ್ನುವರು. ನಾನು ಟ್ಯಾಂಕರಿನವರಿಗೆ ಫೋನು ಹಚ್ಚುವೆ. ಬಿಲ್ಡರ್ ಕೊಟ್ಟ ಬಣ್ಣದ ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರವಿತ್ತು, ಈ ಕೋಲಿನದಿರಲಿಲ್ಲ.

ಯೋಜನೆಗಳೇ ಹೀಗೆ. ಪೆರಿಫೆರಲ್ ರಿಂಗ್ ರಸ್ತೆಯ ಅಂತಿಮ ಅಧಿಸೂಚನೆ ಹೊರಟದ್ದು 2007ರಲ್ಲಿ. ಅದರ ಗೆರೆಗೆ ಸಿಕ್ಕ ರೈತರು ಜಮೀನು ಮಾರಲಾಗದೆ, ಪರಿಹಾರವೂ ಸಿಗದೆ ವರ್ಷಗಟ್ಟಲೆ ಒದ್ದಾಡಿದರು. ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಮಾತು ಬಂತು. ಆ 40 ತಿಂಗಳು ಕಳೆದರೂ ರೈಲಿಲ್ಲ. ಬಸವನಗುಡಿ, ಜಯನಗರಗಳಲ್ಲಿ ಸರ್ಕಾರವೇ ಮೊದಲು ನಕ್ಷೆ ಬರೆದು ರಸ್ತೆ ಎಳೆದು ಸೈಟು ಹಂಚಿತ್ತು. ಇಂದು ಕಟ್ಟಡ ಮೊದಲು ಏಳುತ್ತದೆ, ರಸ್ತೆ–ಚರಂಡಿ ಆಮೇಲೆ, ಬಂದರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆಯ ಕಡೆ ಐಟಿ ನೌಕರರು ಟ್ರಾಕ್ಟರ್ ಏರಿ ಕೆಲಸಕ್ಕೆ ಹೋದರಲ್ಲ, ಅವರಲ್ಲಿ ಕೋಟಿ ಸುರಿದು ಮನೆ ಕೊಂಡವರೂ ಇದ್ದರು.

ಕಾಗದ ನೋಡಿ, ಮಳೆಯಲ್ಲಿ ಹೋಗಿ ನೋಡಿ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಒಂದು ದಿನದ ಮಳೆ ಏಪ್ರಿಲ್ ತಿಂಗಳ ಸಂಪನ್ನು ತೋರಿಸದು. ಇಷ್ಟವಾದ ಬಡಾವಣೆಯಲ್ಲಿ ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಬೇಸಿಗೆ, ಮಳೆಗಾಲ, ಸ್ಕೂಲ್ ವ್ಯಾನು, ಸೋಮವಾರದ ಟ್ರಾಫಿಕ್ಕು ಎಲ್ಲ ತಿಳಿಯುತ್ತದೆ. ಇಂದು ಇರುವುದಕ್ಕೆ ಬೆಲೆ ಕೊಡಿ. ನಾಳೆ ಬರುವುದು ಬಂದರೆ ಲಾಭ, ಬಾರದಿದ್ದರೆ ನಷ್ಟವಿಲ್ಲ.

ಮೆಟ್ರೊ ಈಗ ಬಂದಿದೆ, ಇಲ್ಲವೆನ್ನಲಾರೆ. ಪಿಯುಸಿಗೆ ಜಯನಗರಕ್ಕೇ ಹೋಗುತ್ತೇನೆಂದು ಮಗಳು ಕುಣಿಯುತ್ತಿದ್ದಾಳೆ. ಹೋಗಲಿ. ಸಂಪಿನ ಪಕ್ಕ ಗೋಡೆಗೊರಗಿಸಿದ ಕೋಲನ್ನು ಮಾತ್ರ ನಾವಿನ್ನೂ ಎತ್ತಿಟ್ಟಿಲ್ಲ.