ಕಮಾನೂ ಕಾಣಲಿ, ಬೋರ್ಡೂ ಇರಲಿ

ಭೂತನಾಳದಿಂದ ವಿಜಯಪುರದ ಕಾಲೇಜಿಗೆ ಬರುತ್ತೇನೆ. ಸಂಜೆ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಫೀಸು ಹುಟ್ಟುವುದು ಅದರಿಂದಲೇ. ಮೊನ್ನೆ ನಾನೇ ಮಾಡಿದ ಹುಟ್ಟುಹಬ್ಬದ ಬ್ಯಾನರು ಬಾರಾ ಕಮಾನಿನ ದಾರಿಯಲ್ಲಿ ತೂಗುತ್ತಿತ್ತು. ಹಿಂದಿನ ಕಮಾನು ಅರ್ಧ ಮುಚ್ಚಿತ್ತು. ನಾಚಿಕೆಯಾಯಿತು.

ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧವಿದೆ. ಬ್ಯಾನರು ಕಟ್ಟಡವಲ್ಲವಲ್ಲ! ಸಾರ್ವಜನಿಕರಿಗೆ ಕಾಣುವಲ್ಲಿ ಜಾಹೀರಾತು ಹಾಕಲು ಅನುಮತಿ ಬೇಕೆನ್ನುವ 1981ರ ರಾಜ್ಯ ಕಾಯ್ದೆಯಿದೆ, ಕೇಳುವವರು ಕಡಿಮೆ. ನಾಮಫಲಕದಲ್ಲಿ ಶೇ 60 ಕನ್ನಡ ಇರಬೇಕೆಂದು 2024ರಲ್ಲಿ ನಿಯಮ ಬಂತು. ಸ್ಮಾರಕದ ಬೀದಿಗಳಲ್ಲಿ ಬೋರ್ಡಿನ ಅಳತೆ, ಎತ್ತರಕ್ಕೂ ಮಿತಿ ಇರಲಿ. ಪ್ರಚಾರದ ಗಾಡಿಗಳು ದೂರ ನಿಲ್ಲಲಿ.

ಇದರಿಂದ ನನ್ನ ಕೆಲಸ ಹೋದೀತೆ? ಚಿಕ್ಕ ಬೋರ್ಡಿಗೂ ಡಿಸೈನ್ ಬೇಕು. ಗೋಳಗುಮ್ಮಟ ನೋಡಲು ಬಂದವರು ಊರು ಮೆಚ್ಚಿ ನಾಲ್ಕು ದಿನ ಉಳಿದರೆ ತಾನೇ ಅಂಗಡಿಗಳಿಗೂ ವ್ಯಾಪಾರ, ನಮಗೂ ಕೆಲಸ?