ಅರ್ಧ ಸ್ಪೀಡೇ ಅಪಾಯ!

ಗೊರೂರಿನ ಹಿನ್ನೀರಲ್ಲಿ ಸ್ಪೀಡ್‌ಬೋಟ್ ಬಿಟ್ಟರೆ ಹೇಗೆ ಅಂತ ನಮ್ಮ ಹಾಸನದ ಗೆಳೆಯರನ್ನ ಕೇಳಿ ನೋಡಿ. "ಬಿಡಲಿ ಬಿಡು ಮಾರಾಯ, ಶೆಟ್ಟಿಹಳ್ಳಿ ಚರ್ಚ್ ಹತ್ರ ಮಾತ್ರ ಸ್ವಲ್ಪ ನಿಧಾನ ಹೋದ್ರೆ ಸಾಕು" ಅಂತಾರೆ. ಆ 'ಸ್ವಲ್ಪ ನಿಧಾನ'ದ ಮೇಲೇ ನನ್ನ ತಕರಾರು.

ನೀರಿನ ಮೇಲೆ ಓಡೋ ಗಾಡಿಗೆ ರಸ್ತೆಯ ಲೆಕ್ಕ ನಡೆಯೊಲ್ಲ. 16 ಅಡಿಯ ದೋಣಿ ಗಂಟೆಗೆ ಸುಮಾರು 10 ಕಿ.ಮೀ. ಮುಟ್ಟಿದಾಗ, ಅದು ಎಬ್ಬಿಸೋ ಅಲೆಯೂ ಅದರಷ್ಟೇ ಉದ್ದ ಆಗುತ್ತೆ. ಅಲ್ಲಿಂದ ಮುಂದೆ ದೋಣಿ ತನ್ನದೇ ಅಲೆಯನ್ನ ಗುಡ್ಡದ ಹಾಗೆ ಹತ್ತಬೇಕು. ಮೂತಿ ಮೇಲೇಳುತ್ತೆ, ಹಿಂಭಾಗ ಕುಸಿಯುತ್ತೆ. ಎಂಜಿನ್ನಿನ ಆರ್‌ಪಿಎಂ ಏರ್ತಾ ಇರುತ್ತೆ, ವೇಗ ಮಾತ್ರ ಏರೊಲ್ಲ... ಮಳೆಗಾಲದ ಕೆಸರಲ್ಲಿ ಬೈಕ್ ಚಕ್ರ ತಿರುಗಿದ ಹಾಗೆ! ಪ್ರೊಪೆಲ್ಲರ್ ಸುತ್ತಿದ್ದರಲ್ಲಿ ದೊಡ್ಡ ಪಾಲು ಜಾರಿಯೇ ಹೋಗುತ್ತೆ. ಗುಡ್ಡ ದಾಟಿದ ಮೇಲೆ ದೋಣಿ ನೀರಿನ ಮೇಲ್ಮೈಗೆ ಬಂದು ಜಾರತೊಡಗುತ್ತೆ. ಇದಕ್ಕೇ 'ಪ್ಲೇನಿಂಗ್' ಅನ್ನೋದು. ಆಮೇಲೆ ಥ್ರಾಟಲ್ ಸ್ವಲ್ಪ ಇಳಿಸಿದರೂ ಓಟ ನಿಲ್ಲೊಲ್ಲ.

ಹಾಗಾದ್ರೆ ಅತಿ ದೊಡ್ಡ ಅಲೆ ಏಳೋದು ಯಾವಾಗ? ಪೂರ್ತಿ ಸ್ಪೀಡಲ್ಲಲ್ಲ, ಈ ಗುಡ್ಡ ಹತ್ತುವಾಗ. ಅಂದ್ರೆ ನಾವು 'ನಿಧಾನ' ಅಂದುಕೊಂಡ ಅರ್ಧ ಸ್ಪೀಡಲ್ಲಿ! ಅಲೆಯ ಎತ್ತರ ಎರಡರಷ್ಟಾದ್ರೆ ಅದರ ಶಕ್ತಿ ನಾಲ್ಕರಷ್ಟು. ಲೈಫ್ ಜಾಕೆಟ್ ಇಲ್ಲದೆ ತೆಪ್ಪದಲ್ಲಿ ಬಲೆ ಹಾಕೋ ಮೀನುಗಾರನಿಗೆ ಇದು ತಮಾಷೆಯ ವಿಷಯ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಆ ಚರ್ಚಿನ ಗೋಡೆಗಳಿಗೂ ಅಲ್ಲ. ಅಣೆಕಟ್ಟು ಬಂದಾಗಿನಿಂದ ವರ್ಷಾ ವರ್ಷ ಮುಳುಗಿ ಏಳ್ತಾ ಇರೋ ಗೋಡೆಗಳು ಅವು, ಪಾಪ.

ಇನ್ನೊಂದು ವಿಷಯ, ಜನ. ಆರು ಜನರ ದೋಣಿಗೆ ಹತ್ತು ಜನ ತುಂಬಿದ್ರೆ ಅದು ಗುಡ್ಡ ದಾಟೋದೇ ಇಲ್ಲ. ಎಂಜಿನ್ ಎಷ್ಟೇ ಕಿರುಚಿದ್ರೂ ಮೂತಿ ಎತ್ತಿಕೊಂಡು, ಅಲೆ ಎಬ್ಬಿಸ್ತಾ ಹೋಗುತ್ತೆ. ಚಾಲಕನಿಗೆ ಮುಂದೆ ಇರೋ ತೆಪ್ಪವೂ ಕಾಣೊಲ್ಲ. ಮಿತಿ ಮೀರಿ ಜನ ಹತ್ತಿಸಿದ್ರೆ ಏನಾಗುತ್ತೆ ಅಂತ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಯ ದಿನ ನೋಡಿದ್ದೀವಲ್ಲ.

ಅದಕ್ಕೇ ನನ್ನ ವಾದ ಇಷ್ಟೆ. 'ನಿಧಾನವಾಗಿ ಚಲಿಸಿ' ಅನ್ನೋ ಬೋರ್ಡ್ ಸಾಲದು. ಚರ್ಚು, ದಡ, ತೆಪ್ಪಗಳ ಹತ್ರ 'ಅಲೆ ಏಳಬಾರದು' ಅನ್ನೋ ನಿಯಮ ಬೇಕು. ಅಂದ್ರೆ ಎಂಜಿನ್ ಐಡಲ್‌ನಲ್ಲೇ ಇರಬೇಕು. ಗುಡ್ಡ ಹತ್ತೋದು, ಇಳಿಯೋದು ಎಲ್ಲ ನಡುನೀರಲ್ಲಿ. ತಲೆ ಎಣಿಸಿ ಹತ್ತಿಸೋದು ದಡದಲ್ಲಿ.

ಇಷ್ಟು ಮಾಡೋಕಾಗೊಲ್ಲ ಅಂದ್ರೆ ಹೇಮಾವತಿಗೆ ತೆಪ್ಪವೇ ಸಾಕು, ಅದಕ್ಕೆ ಆರ್‌ಪಿಎಂ ತಲೆನೋವೂ ಇಲ್ಲ :)

ನೀವೇನಂತೀರಿ?